ಮುದ್ದೆ, ಕಾಫಿ, ಹತ್ತು ನಿಮಿಷ ಉಸಿರು: ಮೊದಲು ಯಾವುದಕ್ಕೆ ಕೈ ಹಾಕೋದು?

ಸಂಜೆ_ನಾಲ್ಕು (ಪ್ರಶ್ನೆ)

ಮೈಸೂರಲ್ಲಿ ಕೂತು ಮಾಡುವ ಕೆಲಸ, ವಯಸ್ಸು 41, ತೂಕ 72 ಕೆ.ಜಿ. ಹೆಸರಿಟ್ಟು ಕರೆಯುವಂಥ ಕಾಯಿಲೆ ಯಾವುದೂ ಇಲ್ಲ, ರಕ್ತದ ವರದಿಗಳು ಸರಿ ಇವೆ. ಆದರೂ ಮಧ್ಯಾಹ್ನ ಮೂರರಿಂದ ಐದರವರೆಗೆ ತಲೆ ಓಡುವುದಿಲ್ಲ. ರಾತ್ರಿ ಊಟದ ಮೇಲೆ ಎದೆ ಉರಿ. ಮಲಗಿದರೆ ನಿದ್ದೆ ಹತ್ತೋಕೆ ಮುಕ್ಕಾಲು ಗಂಟೆ.

ಈಗಿನ ಲೆಕ್ಕ: ಬೆಳಗ್ಗೆ 6ಕ್ಕೆ ಫಿಲ್ಟರ್ ಕಾಫಿ, 8ಕ್ಕೆ ಇಡ್ಲಿ ಅಥವಾ ದೋಸೆ ಅಥವಾ ಚಿತ್ರಾನ್ನ, 10:30ಕ್ಕೆ ಕಾಫಿ, 1:30ಕ್ಕೆ ಡಬ್ಬಿಯಲ್ಲಿ ಅನ್ನ-ಸಾರು-ಮೊಸರು, 4:30ಕ್ಕೆ ಕಾಫಿ ಜೊತೆಗೆ ಚುರುಮುರಿ ಇಲ್ಲವೇ ಬೋಂಡ, 6:30ಕ್ಕೆ ಮನೆಯಲ್ಲಿ ಇನ್ನೊಂದು ಕಾಫಿ, 9:45ಕ್ಕೆ ಮುದ್ದೆ ಮತ್ತು ಮೇಲೆ ಅನ್ನ. 11ಕ್ಕೆ ಹಾಸಿಗೆ.

ಮೈಂಡ್‌ಫುಲ್‌ನೆಸ್ (ಉಸಿರು, ಮೈ, ಮನಸ್ಸನ್ನ ಸುಮ್ಮನೆ ಗಮನಿಸೋ ಧ್ಯಾನ) ಮತ್ತು ಊಟದ ಬದಲಾವಣೆ ಎರಡನ್ನೂ ಸರಿಯಾಗಿ ಪ್ರಯೋಗ ಮಾಡಿ ನೋಡಬೇಕು ಅಂತಿದೆ. ಎರಡೂ ಒಟ್ಟಿಗೆ ಶುರು ಮಾಡಬಹುದಾ? ಉಪಯೋಗ ಆಗ್ತಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ಇನ್ನೊಂದು: ಎಲ್ಲ ಕಡೆ "ಪ್ರತಿ ತುತ್ತನ್ನ 32 ಸಲ ಅಗಿಯಿರಿ, ಚಮಚ ಕೆಳಗಿಡಿ" ಅಂತ ಬರೆದಿರ್ತಾರೆ. ಮುದ್ದೆ ಊಟಕ್ಕೆ ಇದನ್ನ ಅನ್ವಯಿಸೋದು ಹೇಗೆ, ಯಾರಾದರೂ ಯೋಚನೆ ಮಾಡಿದ್ದೀರಾ?

ಅಳತೆಗೋಲು

ಒಂದೇ ಸೋಮವಾರ ಎರಡನ್ನೂ ಶುರು ಮಾಡಿದರೆ ಒಂದು ತಿಂಗಳಾದ ಮೇಲೆ ಏನೋ ಒಂದು ಆಗಿರುತ್ತೆ, ಯಾವುದರಿಂದ ಆಯ್ತು ಅನ್ನೋದು ಮಾತ್ರ ಗೊತ್ತಾಗಲ್ಲ. ಆಮೇಲೆ ಎರಡರಲ್ಲಿ ಕಷ್ಟದ್ದನ್ನ ಬಿಟ್ಟು ಸುಲಭದ್ದನ್ನ ಇಟ್ಟುಕೊಳ್ತೀರಿ, ಕೆಲಸ ಮಾಡುತ್ತಿದ್ದದ್ದು ಬಿಟ್ಟದ್ದೇ ಆಗಿದ್ದರೂ ಆಗಿರಬಹುದು.

ಇನ್ನೊಂದು ಮಾತು. ಇವೆರಡೂ ಒಂದೇ ತೊಂದರೆಗೆ ಮದ್ದಲ್ಲ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆ ಬಂತು. ಧ್ಯಾನದ ತರಬೇತಿಯಿಂದ ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಸಾಧಾರಣ ಮಟ್ಟದ ಸುಧಾರಣೆ ಇದೆ, ನಿದ್ದೆ, ತೂಕ, ತಿನ್ನುವ ಅಭ್ಯಾಸ ಇವುಗಳ ಮೇಲೆ ಪರಿಣಾಮವಿದೆ ಎನ್ನಲು ಸಾಕಷ್ಟು ಆಧಾರ ಇಲ್ಲ ಅನ್ನೋದು ಅದರ ಸಾರ. ನಿಮ್ಮ ಮೂರು ದೂರುಗಳಲ್ಲಿ ಎದೆ ಉರಿ ಪೂರ್ತಿ ಊಟದ ವಿಷಯ. ನಿದ್ದೆ ಮುಕ್ಕಾಲು ಪಾಲು ಕಾಫಿಯದ್ದು. ನಾಲ್ಕು ಗಂಟೆಯ ಜೋಂಪು ಎರಡಕ್ಕೂ ಸೇರಿದ್ದು. ಉಸಿರಿನ ಅಭ್ಯಾಸ ಇಲ್ಲಿ ಮಾಡಬಹುದಾದ ದೊಡ್ಡ ಉಪಕಾರ ಅಂದರೆ 4:30ರ ಬೋಂಡ ಹಸಿವಿಗೋ ಬೇಸರಕ್ಕೋ ಅಂತ ಗುರುತಿಸೋದು.

ಅಳೆಯುವ ಕ್ರಮ: ಮೊದಲ ವಾರ ಏನೂ ಬದಲಾಯಿಸಬೇಡಿ, ಬರೆಯಿರಿ ಅಷ್ಟೆ. ಇದನ್ನ ಯಾರೂ ಮಾಡಲ್ಲ, ಬೇಸರದ ಕೆಲಸ. ಆದರೆ ಮನುಷ್ಯ ಪ್ರಯೋಗಕ್ಕೆ ಇಳಿಯೋದೇ ತೀರಾ ಕೆಟ್ಟ ವಾರದ ಕೊನೆಯಲ್ಲಿ. ಏನೂ ಮಾಡದಿದ್ದರೂ ಮುಂದಿನ ವಾರ ಸ್ವಲ್ಪ ಸುಧಾರಿಸುತ್ತೆ. ಆ ತಾನಾಗಿ ಆದ ಸುಧಾರಣೆಯನ್ನ ರಾಗಿಗೋ ಧ್ಯಾನಕ್ಕೋ ಬರೆದುಬಿಡ್ತೀವಿ.

ದಿನಕ್ಕೆ ನಾಲ್ಕೇ ಅಂಕಿ ಬರೆಯಿರಿ. ನಿದ್ದೆ ಹತ್ತಲು ಎಷ್ಟು ಹೊತ್ತಾಯ್ತು (ಬೆಳಗ್ಗೆ ಎದ್ದು ಅಂದಾಜು ಹಾಕಿ, ರಾತ್ರಿ ಗಡಿಯಾರ ನೋಡಿದರೆ ಬರೋ ನಿದ್ದೆಯೂ ಹೋಗುತ್ತೆ). ಸಂಜೆ 4ಕ್ಕೆ ಚೈತನ್ಯ 0ರಿಂದ 10ರಲ್ಲಿ ಎಷ್ಟು, ಕಾಫಿ ಕುಡಿಯೋ ಮೊದಲೇ. ಎದೆ ಉರಿ ಇತ್ತು ಅಥವಾ ಇಲ್ಲ. ಕೊನೆಯ ತುತ್ತು ಎಷ್ಟು ಗಂಟೆಗೆ. ತೂಕ ಬೇಡ. ಉಪ್ಪು ಹೆಚ್ಚಾದ ಒಂದು ಊಟ ಮರುದಿನ ನೀರು ಹಿಡಿಸಿ ಒಂದು ಕೆ.ಜಿ. ಏರಿಸಬಲ್ಲದು, ಅದನ್ನ ನೋಡಿ ಮನಸ್ಸು ಕೆಡಿಸಿಕೊಂಡು ಪ್ರಯೋಗವೇ ನಿಂತುಹೋಗುತ್ತೆ.

0 ಅಂದರೆ ಏನು, 10 ಅಂದರೆ ಏನು ಅಂತ ಮೊದಲೇ ಬರೆದಿಡಿ. ಉದಾಹರಣೆಗೆ 2 ಅಂದರೆ ಒಂದೇ ಸಾಲನ್ನ ಮೂರು ಸಲ ಓದಬೇಕಾಗೋದು. 8 ಅಂದರೆ ಕಾಫಿಯ ನೆನಪೇ ಬಾರದಿರೋದು. ಬರೆದಿಡದಿದ್ದರೆ ಮೂರನೇ ವಾರದ 6 ಮತ್ತು ಮೊದಲ ವಾರದ 6 ಬೇರೆಬೇರೆ ಆಗಿಬಿಡುತ್ತೆ.

ಒಂದು ಬದಲಾವಣೆಗೆ ಎರಡು ವಾರ. ಆಮೇಲೆ ಅದರ ಸರಾಸರಿಯನ್ನ ಮೊದಲ ವಾರದ ಸರಾಸರಿ ಜೊತೆ ಇಟ್ಟು ನೋಡಿ. ಚೈತನ್ಯದಲ್ಲಿ 1 ಅಂಕಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಲೆಕ್ಕಕ್ಕಿಲ್ಲ. ಅನುಮಾನ ಇದ್ದರೆ ಒಂದು ವಾರ ಹಳೆಯ ಪದ್ಧತಿಗೆ ಮರಳಿ. ತೊಂದರೆಯೂ ಮರಳಿ ಬಂದರೆ ಅದೇ ಸಾಕ್ಷಿ. ದಸರಾ, ಮದುವೆ ಮನೆ, ಜ್ವರ ಇದ್ದ ದಿನಗಳ ಪಕ್ಕ ಗುರುತು ಹಾಕಿ ಸರಾಸರಿಯಿಂದ ಹೊರಗಿಡಿ.

ಶುರು ಕಾಫಿಯಿಂದ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್, ದಿನಕ್ಕೆ ಮಿತಿ 300. ನಿಮ್ಮದು ನಾಲ್ಕು ಲೋಟ. ಲೋಟ ಚಿಕ್ಕದಾಗಿದ್ದರೂ ಗಡಿಯ ಹತ್ತಿರವೇ ಇದ್ದೀರಿ. ಅದಕ್ಕಿಂತ ಮುಖ್ಯ ಹೊತ್ತು. ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು 5 ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. 6:30ರ ಕಾಫಿಯ ಅರ್ಧ 11:30ಕ್ಕೆ ನಿಮ್ಮ ಜೊತೆ ಹಾಸಿಗೆಯಲ್ಲೇ ಇರುತ್ತೆ.

ಆದರೆ ನಾಲ್ಕರಿಂದ ಎರಡಕ್ಕೆ ಒಂದೇ ದಿನ ಇಳಿಸಬೇಡಿ. ಕೆಫೀನ್ ಏಕಾಏಕಿ ಕಡಿಮೆಯಾದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು ಶುರುವಾಗಿ ಎರಡನೇ ದಿನ ಜೋರಾಗುತ್ತೆ, ಒಂದು ವಾರದ ತನಕವೂ ಎಳೆಯಬಹುದು. ಅದೇ ವಾರ ಧ್ಯಾನಕ್ಕೂ ಕೂತರೆ "ನನಗೆ ಧ್ಯಾನ ಆಗಿಬರಲ್ಲ, ತಲೆ ಸಿಡಿಯುತ್ತೆ" ಅಂತ ಎದ್ದು ಹೋಗ್ತೀರಿ. ಲೋಟದ ಸಂಖ್ಯೆ ಹಾಗೇ ಇರಲಿ, ಡಿಕಾಕ್ಷನ್ ಇಳಿಸಿ: ಸಂಜೆಯ ಎರಡು ಲೋಟಕ್ಕೆ 40 ಮಿ.ಲೀ. ಹಾಕುತ್ತಿದ್ದರೆ ಮೂರು ದಿನ 30, ಮೂರು ದಿನ 20, ಮೂರು ದಿನ 10, ಆಮೇಲೆ ಬರೀ ಹಾಲು ಅಥವಾ ಮಜ್ಜಿಗೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಸಂಜೆಗೆ ಮಾತ್ರ ಚಿಕೋರಿ ಹೆಚ್ಚಿರೋ ಪುಡಿ ಇಟ್ಟುಕೊಂಡರೂ ಕೆಲಸ ಆಗುತ್ತೆ, ರುಚಿಯ ಬಗ್ಗೆ ಮೈಸೂರಿನವರು ಜಗಳ ತೆಗೆಯಬೇಡಿ.

ಹಿಟ್ಟಿನಕೋಲು_ಮದ್ದೂರು

ಮುದ್ದೆ ಪ್ರಶ್ನೆಗೆ ಬರ್ತೀನಿ. ಅದಕ್ಕೆ ಮೊದಲು, ಶುರು ಕಾಫಿಯಿಂದ ಅನ್ನೋದನ್ನ ನಾನು ಒಪ್ಪಲ್ಲ. 9:45ಕ್ಕೆ ಮುದ್ದೆ, ಅದರ ಮೇಲೆ ಅನ್ನ, 11ಕ್ಕೆ ಅಡ್ಡ ಬೀಳೋದು: ಎದೆ ಉರಿಗೆ ಬೇರೆ ಕಾರಣ ಹುಡುಕಬೇಕಾ? ತುಂಬಿದ ಹೊಟ್ಟೆ ಹೊತ್ತು ಮಲಗಿದರೆ ಆಮ್ಲ ಮೇಲೆ ಬರುತ್ತೆ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಬೇಕು, ಅಂದರೆ 8ಕ್ಕೆ ತಟ್ಟೆ ತೊಳೆದಿರಬೇಕು. ಇದೊಂದನ್ನ ಮಾಡಿದರೆ ಮಿಕ್ಕ ಅಂಕಿಗಳೂ ಕದಲುತ್ತವೆ. 8ಕ್ಕೆ ಸಾಧ್ಯವೇ ಇಲ್ಲದ ಮನೆಯಾದರೆ ಮುದ್ದೆಯನ್ನ ಮಧ್ಯಾಹ್ನಕ್ಕೆ ತನ್ನಿ, ರಾತ್ರಿಗೆ ಹಗುರ ಊಟ ಇರಲಿ.

ಈಗ 32 ಸಲ ಅಗಿಯೋ ಮಾತು. ಮುದ್ದೆ ಅಗಿಯೋ ಪದಾರ್ಥ ಅಲ್ಲ, ನುಂಗೋದು. ಅಗಿದರೆ ಹಲ್ಲಿಗೆ ಅಂಟುತ್ತೆ, ರುಚಿಯೂ ಇಲ್ಲ. ಆದರೆ ನಿಧಾನವಾಗಿ ತಿನ್ನಿ ಅಂತ ಹೇಳೋದರ ಹಿಂದಿನ ಕಾರಣ ಮುದ್ದೆಗೇ ಹೆಚ್ಚು ಅನ್ವಯಿಸುತ್ತೆ. ಹೊಟ್ಟೆ ತುಂಬಿತು ಅನ್ನೋ ಸೂಚನೆ ಮಿದುಳಿಗೆ ಗಟ್ಟಿಯಾಗಿ ಮುಟ್ಟೋಕೆ 15ರಿಂದ 20 ನಿಮಿಷ ಬೇಕು. ರೂಢಿ ಇರೋರು ಒಂದು ಮುದ್ದೆಯನ್ನ ಐದು ನಿಮಿಷದಲ್ಲಿ ಮುಗಿಸ್ತಾರೆ. ಸೂಚನೆ ಬರೋ ಹೊತ್ತಿಗೆ ಅನ್ನವೂ ಬಿದ್ದಿರುತ್ತೆ. ನಿಮ್ಮ ರಾತ್ರಿಯ ಅನ್ನ ಹಸಿವಿನಿಂದ ಬಂದದ್ದಲ್ಲ, ಈ ಅವಸರದಿಂದ ಬಂದದ್ದು.

ಹೀಗೆ ಮಾಡಿ. ಬಸ್ಸಾರಿನ ದಿನ ಆರಿಸಿಕೊಳ್ಳಿ, ಯಾಕೆಂದರೆ ಅದರಲ್ಲಿ ಪಲ್ಯ ಬೇರೆ, ಸಾರು ಬೇರೆ ಇರುತ್ತೆ. ಮುದ್ದೆಯನ್ನ ನಾಲ್ಕು ಪಾಲು ಮಾಡಿ. ತುತ್ತು ನಿಂಬೆ ಗಾತ್ರದ ಬದಲು ನೆಲ್ಲಿಕಾಯಿ ಗಾತ್ರ. ಒಂದು ತುತ್ತು ಸಾರಲ್ಲಿ ಅದ್ದಿ ನುಂಗಿ, ಮರುತುತ್ತಿಗೆ ಮೊದಲು ಒಂದು ಬಾಯಿ ಕಾಳುಪಲ್ಯ, ಅದನ್ನ ಚೆನ್ನಾಗಿ ಅಗಿಯಿರಿ. ಅಗಿಯೋ ಕೆಲಸವನ್ನ ಕಾಳು-ಸೊಪ್ಪಿಗೆ ಕೊಟ್ಟಿರಿ, ಮುದ್ದೆಯನ್ನ ಅದರ ಪಾಡಿಗೆ ಬಿಟ್ಟಿರಿ. ಗಮನ ಇಡೋದಕ್ಕೆ ಬೇಕಾದಷ್ಟಿದೆ: ಬೆರಳಿಗೆ ತಾಗೋ ಬಿಸಿ, ತುತ್ತು ಜಾರೋವಾಗ ಗಂಟಲು, ಸಾರಿನ ಖಾರ ನಾಲಗೆಯ ಯಾವ ಭಾಗಕ್ಕೆ ಮೊದಲು ಹತ್ತಿತು. ಅರ್ಧ ಮುದ್ದೆ ಆದಮೇಲೆ ಎರಡು ನಿಮಿಷ ಕೈ ತಡೆದು ಹಸಿವು ಹತ್ತರಲ್ಲಿ ಎಷ್ಟು ಉಳಿದಿದೆ ಅಂತ ಕೇಳಿಕೊಳ್ಳಿ. 3ಕ್ಕಿಂತ ಕಡಿಮೆ ಇದ್ದರೆ ಅನ್ನ ಬೇಡ, ಒಂದು ಲೋಟ ಮಜ್ಜಿಗೆ ಸಾಕು. ಟಿವಿ, ಮೊಬೈಲ್ ಇಟ್ಟುಕೊಂಡರೆ ಇದ್ಯಾವುದೂ ನಡೆಯಲ್ಲ.

ಒಂದು ಎಚ್ಚರ: ಮುದ್ದೆ ಮೇಲೆ ಆರಿದ್ದರೂ ಒಳಗೆ ಕುದೀತಿರುತ್ತೆ. ನುಂಗೋ ಪದಾರ್ಥ ಆದ್ದರಿಂದ ಬಾಯಿಗೆ ಗೊತ್ತಾಗೋ ಮೊದಲೇ ಅನ್ನನಾಳ ಸುಡುತ್ತೆ. ಮುರಿದು ನಾಲ್ಕು ಪಾಲು ಮಾಡೋದರಿಂದ ಅದೂ ತಪ್ಪುತ್ತೆ.

ಅಳತೆ. ಒಬ್ಬರಿಗೆ 80ರಿಂದ 100 ಗ್ರಾಂ ಹಿಟ್ಟು, ನೀರು ಲೋಟದ ಲೆಕ್ಕದಲ್ಲಿ ಒಂದಕ್ಕೆ ಎರಡು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 11 ಗ್ರಾಂ ನಾರು, 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದ 1000 ಮಿ.ಗ್ರಾಂ ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಮುದ್ದೆಯಲ್ಲಿ ಬಂತು. ಪ್ರೋಟೀನ್ ಮಾತ್ರ 7 ಗ್ರಾಂ ಅಷ್ಟೇ. 72 ಕೆ.ಜಿ. ಮನುಷ್ಯನಿಗೆ ದಿನಕ್ಕೆ 60 ಗ್ರಾಂ ಬೇಕು. ಅದು ಕಾಳಿನಿಂದ ಬರಬೇಕು, ಇಲ್ಲವೇ ಮೊಟ್ಟೆ, ಹಾಲು, ಬಾಡಿನಿಂದ. ಬರೀ ಸೊಪ್ಪಿನ ನೀರಲ್ಲಿ ಮುದ್ದೆ ಅದ್ದಿಕೊಂಡು "ರಾಗಿ ತಿಂದು ನಿರೋಗಿ" ಅಂದರೆ ಆಗಲ್ಲ.

ರಾಗಿ ತಿಂದರೆ ಹೊಟ್ಟೆ ಕಲ್ಲಾಗುತ್ತೆ ಅನ್ನೋರ ಮನೆಯಲ್ಲಿ ಹತ್ತಕ್ಕೆ ಎಂಟು ಸಲ ಮುದ್ದೆ ಬೆಂದಿರಲ್ಲ. ನೀರು ಕುದಿಯೋವಾಗ ಚಿಟಿಕೆ ಉಪ್ಪು, ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಹಾಕಿ. ಉಕ್ಕಿ ಬಂದಾಗ ಮಿಕ್ಕ ಹಿಟ್ಟನ್ನ ನಡುವೆ ಗುಡ್ಡೆಯಾಗಿ ಸುರಿದು ಮುಟ್ಟದೆ ಸಣ್ಣ ಉರಿಯಲ್ಲಿ 4–5 ನಿಮಿಷ ಬಿಡಿ. ನೀರು ಗುಡ್ಡೆಯ ಸುತ್ತ ಕುದಿದು ಮೇಲೆ ಹತ್ತಬೇಕು. ಆಗ ಕೋಲಿನಿಂದ ತೊಳಸಿ, ಮುಚ್ಚಿ, ಇನ್ನೆರಡು ನಿಮಿಷ ಹಬೆಯಲ್ಲಿ ಬಿಡಿ. ಹಿಟ್ಟು ಬಿದ್ದ ತಕ್ಷಣ ತಿರುಗಿಸಿದರೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು. ಅದೇ ಹೊಟ್ಟೆ ಭಾರ. ಒದ್ದೆ ಬೆರಳು ಇಟ್ಟರೆ ಅಂಟಬಾರದು, ಅದೇ ಪರೀಕ್ಷೆ. ಇನ್ನು ಮೊಳಕೆ ರಾಗಿ ಹಿಟ್ಟು ತಂದು ಮುದ್ದೆ ಮಾಡಲು ಹೋಗಬೇಡಿ. ಮೊಳಕೆಯೊಡೆದಾಗ ಹುಟ್ಟೋ ಕಿಣ್ವ ಪಿಷ್ಟವನ್ನ ಒಡೆದು ನೀರು ಮಾಡುತ್ತೆ, ಉಂಡೆ ನಿಲ್ಲಲ್ಲ. ಅದು ಗಂಜಿಗೆ ಸರಿ. ಕಬ್ಬಿಣ, ಕ್ಯಾಲ್ಸಿಯಂ ಅದರಲ್ಲಿ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತೆ. "ನಾಟಿ ರಾಗಿಯೇ ಆಗಬೇಕು" ಅಂತ ಹುಡುಕಾಡೋದೂ ಬೇಡ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗೆ ಆಫ್ರಿಕಾದ್ದನ್ನ ಸಂಕರ ಮಾಡಿ ತೆಗೆದ ಇಂಡಾಫ್ ತಳಿಗಳೂ ಮುದ್ದೆಯೇ ಆಗ್ತವೆ.

ಕಾಳು ಹೆಚ್ಚಿಸೋವಾಗ ಹೊಟ್ಟೆ ಉಬ್ಬರ ಬರೋದು ಸಹಜ. ಕರುಳಿನ ಸೂಕ್ಷ್ಮಜೀವಿಗಳಿಗೆ ಹೊಸ ನಾರು ಅಭ್ಯಾಸ ಆಗೋಕೆ ಎರಡು-ಮೂರು ವಾರ ಬೇಕು. ಒಣ ಹುರುಳಿ, ಅವರೆ, ಅಲಸಂದೆ ಯಾವುದೇ ಇರಲಿ 8ರಿಂದ 12 ಗಂಟೆ ನೆನೆಸಿ, ನೆನೆದ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಉಬ್ಬರ ತರೋ ಸಕ್ಕರೆಗಳಲ್ಲಿ ಒಂದು ಪಾಲು ಆ ನೀರಿನ ಜೊತೆಗೇ ಹೋಗುತ್ತೆ. ಮೊದಲ ವಾರ ಒಬ್ಬರಿಗೆ 20 ಗ್ರಾಂ ಒಣ ಕಾಳಿನ ಲೆಕ್ಕ, ಆಮೇಲೆ 30, ಆಮೇಲೆ 40. ನೀರು ಕುಡಿಯೋದು ಹೆಚ್ಚಿಸದೆ ನಾರು ಮಾತ್ರ ಹೆಚ್ಚಿಸಿದರೆ ಮಲಬದ್ಧತೆ ಜಾಸ್ತಿಯೇ ಆಗುತ್ತೆ.

ಭಾನುವಾರದ ಬಾಡೂಟದ ಬಗ್ಗೆ ನಾನು ಮಾತಾಡಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲೇ ಬಾಡೂಟ ಬೇಕು ಅಂತ ಅಷ್ಟು ದೊಡ್ಡ ವಾದ ಆಯ್ತು. ಅದನ್ನ ಮಧ್ಯಾಹ್ನವೇ ಮುಗಿಸಿ ಅಂತ ಮಾತ್ರ ಹೇಳಬಲ್ಲೆ.

ಸಂಜೆ_ನಾಲ್ಕು

ಮಧ್ಯಾಹ್ನಕ್ಕೆ ಮುದ್ದೆ ಅಂದರೆ ಡಬ್ಬಿಯಲ್ಲಿ ನಾಲ್ಕು ಗಂಟೆ ಕೂತು ಕಲ್ಲಾಗುತ್ತಲ್ಲ? ಇನ್ನೊಂದು, ಕಾಫಿ ಬಿಟ್ಟು ಸಂಜೆಗೆ ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿಯೋದು ಸರಿಯಾ?

ಹಿಟ್ಟಿನಕೋಲು_ಮದ್ದೂರು

ಡಬ್ಬಿಗೆ ಮುದ್ದೆ ಬೇಡ, ಅಂಬಲಿ ಒಯ್ಯಿರಿ. 30 ಗ್ರಾಂ ಹಿಟ್ಟು 100 ಮಿ.ಲೀ. ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, 300 ಮಿ.ಲೀ. ಕುದಿಯೋ ನೀರಿಗೆ ಸುರಿದು 6–7 ನಿಮಿಷ ತಿರುಗಿಸುತ್ತ ಬೇಯಿಸಿ. ರಾತ್ರಿ ಮಣ್ಣಿನ ಇಲ್ಲವೇ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡಿ, ಬೆಳಗ್ಗೆ 150 ಮಿ.ಲೀ. ಮಜ್ಜಿಗೆ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಒಯ್ಯಿರಿ. ಏಪ್ರಿಲ್-ಮೇ ಬಿಸಿಲಲ್ಲಿ ಮಧ್ಯಾಹ್ನದ ಹೊತ್ತಿಗೆ ಅತಿ ಹುಳಿ ಬರುತ್ತೆ, ಆಗ ಮಜ್ಜಿಗೆಯನ್ನ ಬೇರೆ ಬಾಟಲಿಯಲ್ಲಿ ಒಯ್ದು ಅಲ್ಲೇ ಬೆರೆಸಿ. ಜೊತೆಗೆ ಕಾಳುಪಲ್ಯ ಒಂದು ಬಟ್ಟಲು, ಅನ್ನ ಈಗಿನ ಅರ್ಧ. ಊಟ ಆದಮೇಲೆ 10–15 ನಿಮಿಷ ನಡೆದರೆ ರಕ್ತದ ಸಕ್ಕರೆ ಒಮ್ಮೆಗೇ ಏರೋದು ತಗ್ಗುತ್ತೆ, ಮೂರು ಗಂಟೆಯ ತೂಕಡಿಕೆಯಲ್ಲೂ ವ್ಯತ್ಯಾಸ ಕಾಣಬಹುದು.

ಬೆಲ್ಲ: ಮಂಡ್ಯದಲ್ಲಿ ಕೂತು ಬರೆಯೋಕೆ ಕಷ್ಟ ಆಗುತ್ತೆ, ಆದರೂ ಬೆಲ್ಲ ಸಕ್ಕರೆಯೇ. 100 ಗ್ರಾಂ ಸಕ್ಕರೆಗೆ ಸುಮಾರು 400 ಕ್ಯಾಲೊರಿ, ಬೆಲ್ಲಕ್ಕೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿರೋ ಕಬ್ಬಿಣ ಲೆಕ್ಕಕ್ಕೆ ಬರೋಷ್ಟು ಬೆಲ್ಲ ತಿಂದರೆ ಬೇರೆ ಕಾಯಿಲೆ ಬರುತ್ತೆ. ಮಾಲ್ಟಿಗೆ ಒಂದು ಟೀ ಚಮಚ ಹಾಕಿ ಸಾಕು. ಕೊಳ್ಳೋದಾದರೆ ಕಪ್ಪಗಿರೋದನ್ನ ಕೊಳ್ಳಿ. ಹೊಂಬಣ್ಣ ಬರಲಿ ಅಂತ ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ರಾಸಾಯನಿಕ ಹಾಕೋ ರೂಢಿ ಇದೆ, ಬಣ್ಣ ನೋಡಿ ಕೊಳ್ಳೋರಿಗಾಗಿಯೇ ಅದು.

ಕೆರೆ_ಏರಿ_ನಡಿಗೆ

ಊಟದ ಬಗ್ಗೆ ಇಷ್ಟು ಬಂತು, ಉಸಿರಿನ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ.

ಮೊದಲು ನಿರೀಕ್ಷೆ ಸರಿಮಾಡಿಕೊಳ್ಳಿ. ಈಗ ಆಸ್ಪತ್ರೆಗಳಲ್ಲಿ ಹೇಳಿಕೊಡೋ ಮೈಂಡ್‌ಫುಲ್‌ನೆಸ್‌ನ ಬೇರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಶುರು ಮಾಡಿದ ಎಂಟು ವಾರದ ತರಬೇತಿ. ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ, ನಡುವೆ ಒಂದು ಪೂರ್ತಿ ದಿನದ ಮೌನ. ಎಷ್ಟೋ ಅಧ್ಯಯನಗಳು ಅಳೆದದ್ದು ಈ ಮಟ್ಟದ ಅಭ್ಯಾಸವನ್ನ. ಆ್ಯಪ್ ಹಾಕಿಕೊಂಡು ಹತ್ತು ನಿಮಿಷ ಕೂತು ಅದೇ ಫಲ ಬರಬೇಕು ಅಂದರೆ ಹೇಗೆ? ಹತ್ತು ನಿಮಿಷಕ್ಕೆ ಹತ್ತು ನಿಮಿಷದ ಫಲ ಇದೆ. ಮನಸ್ಸು ಓಡಿದ್ದನ್ನ ಬೇಗ ಗುರುತಿಸೋ ಅಭ್ಯಾಸ ಆಗುತ್ತೆ, ಅದು ನಿಮ್ಮ ಬೋಂಡದ ಹೊತ್ತಿಗೆ ಸಾಕು.

ಕೂರೋದು ಕುರ್ಚಿಯಲ್ಲೇ. ಪದ್ಮಾಸನ ಹಾಕಿ ಮಂಡಿ ನೋಯಿಸಿಕೊಳ್ಳಬೇಕಿಲ್ಲ. ಮೈಸೂರಿನ ಗೋಕುಲಂ ಬಡಾವಣೆಯ ಯೋಗಶಾಲೆಗಳಿಗೆ ಹೊರದೇಶದವರು ಬಂದು ಬೆವರು ಸುರಿಸಿ ಕಲಿಯೋದು ಬೇರೆ ವಿದ್ಯೆ. ಪಾದ ಪೂರ್ತಿ ನೆಲಕ್ಕೆ, ಬೆನ್ನು ಕುರ್ಚಿಯಿಂದ ನಾಲ್ಕು ಬೆರಳು ಮುಂದೆ, ಕೈ ತೊಡೆ ಮೇಲೆ. ಮೂಗಿನ ತುದಿ ಅಥವಾ ಹೊಟ್ಟೆ, ಎರಡರಲ್ಲಿ ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗುತ್ತೋ ಒಂದನ್ನ ಹಿಡಿಯಿರಿ, ನಡುವೆ ಬದಲಾಯಿಸಬೇಡಿ. ಹೊರಗೆ ಬಿಡೋ ಉಸಿರನ್ನ 1ರಿಂದ 10ರವರೆಗೆ ಎಣಿಸಿ, ಮತ್ತೆ 1ರಿಂದ. ಲೆಕ್ಕ ತಪ್ಪಿದರೆ, ಇಲ್ಲವೇ 17 ಅಂತ ಎಣಿಸ್ತಿರೋದು ಗೊತ್ತಾದರೆ, 1ಕ್ಕೆ ಬನ್ನಿ. ತಪ್ಪಿದ್ದು ಗೊತ್ತಾಯ್ತಲ್ಲ, ಅದೇ ಅಭ್ಯಾಸ. ಹತ್ತು ನಿಮಿಷದಲ್ಲಿ ಮೂವತ್ತು ಸಲ ತಪ್ಪಿ ಮೂವತ್ತು ಸಲ ಮರಳಿದರೆ ಚೆನ್ನಾಗಿ ಕೂತಿರಿ ಅಂತಲೇ ಅರ್ಥ.

ತಪ್ಪೋ ಜಾಗಗಳು. ಬಹಳ ಜನ ಉಸಿರನ್ನ ಗಮನಿಸೋ ಬದಲು ಎಳೆದು ಬಿಡೋಕೆ ಶುರು ಮಾಡ್ತಾರೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರ ಆಗುತ್ತೆ, ಬೆರಳ ತುದಿ, ತುಟಿ ಜುಮ್ಮೆನ್ನುತ್ತೆ. ಕೆಲವರು ಅದನ್ನೇ ಧ್ಯಾನ ಹತ್ತಿತು ಅಂದುಕೊಳ್ಳೋದೂ ಉಂಟು. ಹಾಗಾದರೆ ಎಣಿಕೆ ಬಿಟ್ಟು ಪಾದದ ಸ್ಪರ್ಶಕ್ಕೆ ಗಮನ ತನ್ನಿ. ಮಧ್ಯಾಹ್ನ ಊಟ ಆದ ತಕ್ಷಣ ಕೂತರೆ ನಿದ್ದೆ, ಅದು ಧ್ಯಾನದ ದೋಷ ಅಲ್ಲ. ಬೆಳಗ್ಗೆ ಮುಖ ತೊಳೆದು ಕಾಫಿಗೆ ಮುಂಚೆ ಕೂರೋದು ಒಳ್ಳೆಯದು. ಹಾಲು ಕಾಯೋಕೆ ಇಟ್ಟು ಮಾತ್ರ ಕೂರಬೇಡಿ.

4:30ಕ್ಕೆ ಬೇರೆಯದೇ ಒಂದು ಚಿಕ್ಕ ಅಭ್ಯಾಸ ಇದೆ, ಮೂರು ನಿಮಿಷದ್ದು. ಮೊದಲ ನಿಮಿಷ ಈಗ ಏನು ನಡೀತಿದೆ ಅಂತ ನೋಡೋದು: ಹೊಟ್ಟೆ ಹಸಿದಿದೆಯಾ, ಕಣ್ಣು ಉರೀತಿದೆಯಾ, ಯಾವುದೋ ಇಮೇಲ್ ತಲೆ ತಿಂತಿದೆಯಾ. ಎರಡನೇ ನಿಮಿಷ ಬರೀ ಉಸಿರು. ಮೂರನೇ ನಿಮಿಷ ಗಮನವನ್ನ ಇಡೀ ಮೈಗೆ ಹಿಗ್ಗಿಸೋದು. ಆಮೇಲೂ ಬೋಂಡ ಬೇಕು ಅನ್ನಿಸಿದರೆ ತಿನ್ನಿ, ಅಪರಾಧ ಅಂದುಕೊಳ್ಳದೆ, ಕೂತು, ಪ್ಲೇಟಿಗೆ ಹಾಕಿಕೊಂಡು. ಹೊಟ್ಟೆ ನಿಜವಾಗಿ ಹಸಿದಿದ್ದರೆ ಮೂರು ನಿಮಿಷದಲ್ಲಿ ಹಸಿವು ಹೋಗಲ್ಲ. ಬೇಸರವಾಗಿದ್ದರೆ ಹತ್ತು ನಿಮಿಷದೊಳಗೆ ಆಸೆ ಏರಿ ಇಳಿಯುತ್ತೆ. ನಿಜ ಹಸಿವಿಗೆ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೆಕಾಯಿ ಬೀಜ. ಅದರಲ್ಲೇ 7 ಗ್ರಾಂ ಪ್ರೋಟೀನ್ ಇದೆ. ಚುರುಮುರಿಯೂ ಕೆಟ್ಟದ್ದಲ್ಲ, ಖಾರದ ಎಣ್ಣೆ ಮತ್ತು ಉಪ್ಪು ಕಡಿಮೆ ಹಾಕಿಸಿ.

ಕೂತು ಆಗದವರಿಗೆ ನಡಿಗೆ ಇದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಜನ ಕಡಿಮೆ ಇರೋ ಕಡೆ ಹದಿನೈದು ಹೆಜ್ಜೆಯಷ್ಟು ಜಾಗ ಆರಿಸಿ, ಹೋಗಿ ಬನ್ನಿ. ಹಿಮ್ಮಡಿ ತಾಗಿದ್ದು, ಭಾರ ಮುಂದೆ ಸರಿದದ್ದು, ಬೆರಳು ಎದ್ದದ್ದು. ಇಯರ್‌ಫೋನ್ ಹಾಕಿಕೊಂಡು ಆರು ಸಾವಿರ ಹೆಜ್ಜೆ ಎಣಿಸೋದು ವ್ಯಾಯಾಮ, ಒಳ್ಳೆಯದೇ, ಆದರೆ ಇದಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಇದನ್ನ ಹೊಂದಿಸಬೇಡಿ, ಏದುಸಿರಲ್ಲಿ ಏನೂ ಗಮನಿಸೋಕಾಗಲ್ಲ.

ಗಂಭೀರವಾದ ಒಂದು ಮಾತು. ಕಣ್ಣು ಮುಚ್ಚಿ ಕೂತಾಗ ಎದೆ ಡವಗುಟ್ಟೋದು, ಹಳೆಯ ಆಘಾತ ಕಣ್ಣಮುಂದೆ ಬರೋದು ಕೆಲವರಲ್ಲಿ ಆಗುತ್ತೆ. ತಡೆದುಕೊಂಡು ಕೂರೋದು ಶೌರ್ಯ ಅಲ್ಲ. ಕಣ್ಣು ಬಿಡಿ, ಕೋಣೆಯಲ್ಲಿರೋ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ, ಆ ದಿನಕ್ಕೆ ನಿಲ್ಲಿಸಿ. ಹಿಂದೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪೋ ಮನೋರೋಗ) ಆಗಿದ್ದವರು, ಈಗ ತೀವ್ರ ಖಿನ್ನತೆಯಲ್ಲಿರೋರು ವೈದ್ಯರನ್ನ ಕೇಳದೆ ದೀರ್ಘ ಮೌನ ಶಿಬಿರಗಳಿಗೆ ಹೋಗಬಾರದು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ_ಚೀಟಿ

ಪ್ರಶ್ನೆ ಕೇಳಿದವರಿಗೆ ಕಾಯಿಲೆ ಇಲ್ಲ ಸರಿ, ಇದನ್ನ ಓದಿ ಅನುಸರಿಸೋ ಬೇರೆಯವರಿಗೆ ಇರಬಹುದು. ಅವರಿಗಾಗಿ ನಾಲ್ಕು ಮಾತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೋಳೋರು ಅನ್ನ ಅರ್ಧ ಮಾಡೋ ಮುನ್ನ ವೈದ್ಯರಿಗೆ ಹೇಳಲೇಬೇಕು. ಮಾತ್ರೆ ಅಷ್ಟೇ ಇದ್ದು ಊಟ ಇಳಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು: ಬೆವರು, ನಡುಕ, ಗೊಂದಲ. ಆಗ 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆ ನಡುಕವನ್ನ "ಗಮನಿಸುತ್ತ" ಕೂರೋ ಹೊತ್ತಲ್ಲ ಅದು. ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರಲ್ಲ ಅನ್ನೋದೂ ಸುಳ್ಳು. ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಬೇಗ ಕರಗುತ್ತೆ, ಪ್ರಮಾಣವೇ ಮುಖ್ಯ.

ಥೈರಾಯ್ಡ್ ತೊಂದರೆಗೆ ಕೊಡೋ ಥೈರಾಕ್ಸಿನ್ ಮಾತ್ರೆ ಬರೀ ಹೊಟ್ಟೆಗೆ, ನೀರಿನಲ್ಲಿ. ಕಾಫಿಗೆ ಅರ್ಧದಿಂದ ಒಂದು ಗಂಟೆ ಅಂತರ ಇರಲಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ. ರಕ್ತದೊತ್ತಡ ಇದೆ ಅಂತ ಪೊಟ್ಯಾಶಿಯಂ ಇರೋ "ಕಡಿಮೆ ಸೋಡಿಯಂ" ಉಪ್ಪಿಗೆ ಬದಲಾಯಿಸೋರು ಮೂತ್ರಪಿಂಡದ ತೊಂದರೆ ಅಥವಾ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆ ಇದ್ದರೆ ಕೇಳದೆ ಬದಲಾಯಿಸಬೇಡಿ, ಪೊಟ್ಯಾಶಿಯಂ ಏರಿದರೆ ಹೃದಯಕ್ಕೆ ಅಪಾಯ. ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ತಗೋಳೋರು ಒಮ್ಮೆಗೇ ಸೊಪ್ಪು ಹೆಚ್ಚಿಸಬಾರದು, ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸವನ್ನ ಕಡಿಮೆ ಮಾಡುತ್ತೆ. ವಾರಪೂರ್ತಿ ಒಂದೇ ಅಳತೆ ಇದ್ದರೆ ತೊಂದರೆ ಇಲ್ಲ.

ಹಿಮೋಗ್ಲೋಬಿನ್ ಕಡಿಮೆ ಇರೋರಿಗೆ: ಊಟದ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ-ಟೀ ಬೇಡ, ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿ.

ಸಂಜೆ_ನಾಲ್ಕು

ಎಲ್ಲರಿಗೂ ಧನ್ಯವಾದ. ಹೀಗೆ ಬರೆದುಕೊಂಡೆ: ಒಂದನೇ ವಾರ ಬರೀ ಅಂಕಿ. ಎರಡು-ಮೂರನೇ ವಾರ ರಾತ್ರಿ ಊಟ 8ಕ್ಕೆ. ನಾಲ್ಕು-ಐದು ಸಂಜೆ ಕಾಫಿ ಇಳಿಸೋದು. ಆರು-ಏಳು ಉಸಿರು. ಎಂಟು-ಒಂಬತ್ತು ಮಧ್ಯಾಹ್ನದ ಡಬ್ಬಿ. ಸರಿ ಇದೆಯಾ? ಊಟ ಮೊದಲೋ ಕಾಫಿ ಮೊದಲೋ ಅಂತ ನಿಮ್ಮಿಬ್ಬರ ವಾದ ಮುಗಿದಿಲ್ಲ.

ಅಳತೆಗೋಲು

ಎದೆ ಉರಿ ನಿಮಗೆ ದೊಡ್ಡ ಕಾಟ ಆದರೆ ಮದ್ದೂರಿನವರ ಕ್ರಮವೇ ಇರಲಿ, ನನ್ನ ತಕರಾರಿಲ್ಲ. ಎರಡು ತಿದ್ದುಪಡಿ. ಕಾಫಿಗೆ ಎರಡಲ್ಲ, ಮೂರು ವಾರ ಕೊಡಿ: ಡಿಕಾಕ್ಷನ್ ಇಳಿಸೋ ಒಂಬತ್ತು ದಿನ, ಆಮೇಲಿನ ಐದು ದಿನ ಮಂಕು ಕಳೆಯೋಕೆ, ಕೊನೆಯ ಏಳು ದಿನದ ಅಂಕಿ ಮಾತ್ರ ಸರಾಸರಿಗೆ. ಎರಡನೆಯದು, ಒಮ್ಮೆ ಫಲ ಕೊಟ್ಟ ಬದಲಾವಣೆಯನ್ನ ಮುಂದಿನ ಹಂತದಲ್ಲಿ ಬಿಡಬೇಡಿ, ಅದರ ಮೇಲೇ ಮುಂದಿನದನ್ನ ಸೇರಿಸಿ. ಮೊದಲ ಬದಲಾವಣೆಯನ್ನ ಬಿಟ್ಟು ಮಿಕ್ಕವನ್ನ ಹೋಲಿಸೋದು ಹಿಂದಿನ ಹಂತದ ಕೊನೆಯ ವಾರಕ್ಕೆ, ಒಂದನೇ ವಾರಕ್ಕಲ್ಲ.

8ಕ್ಕೆ ಊಟ, 11ಕ್ಕೆ ಹಾಸಿಗೆ ಆದಾಗ 10:30ಕ್ಕೆ ಹಸಿವಾದರೆ 150 ಮಿ.ಲೀ. ಹಾಲು ಕುಡಿದು ಅದನ್ನೂ ಬರೆಯಿರಿ. ಎದೆ ಉರಿ ಮೂರು ವಾರವಾದರೂ ಕಡಿಮೆಯಾಗದಿದ್ದರೆ, ಅಥವಾ ನುಂಗೋವಾಗ ತಡೆದಂತಾದರೆ, ಮಲ ಕಪ್ಪಗಾದರೆ, ಕಾರಣವಿಲ್ಲದೆ ತೂಕ ಇಳಿದರೆ ಪಟ್ಟಿ ಪಕ್ಕಕ್ಕಿಟ್ಟು ವೈದ್ಯರ ಹತ್ತಿರ ಹೋಗಿ. ಎಡ ತೋಳು, ದವಡೆಗೆ ಹರಡೋ ಉರಿ, ಬೆವರಿನ ಜೊತೆ ಬಂದರೆ ಅದನ್ನ ಆಮ್ಲ ಅಂದುಕೊಳ್ಳದೆ ಅದೇ ಗಳಿಗೆಯಲ್ಲಿ ಹೋಗಿ.